ವಿಭೂತಿ ಹಚ್ಚಿದ ಕನ್ನಡಿ

ಗದಗ ರೈಲು ನಿಲ್ದಾಣದ ಎದುರು ನಿಂಗವ್ವನ ಖಾನಾವಳಿ. ಅದರ ಬಾಗಿಲಿಗೆ ಅಂಗೈಯಗಲದ ಒಂದು ಕನ್ನಡಿ. ಒಳಗೆ ಹೋಗುವವರು ಅದರ ಮೇಲೆ ಉಸಿರು ಬಿಡಬೇಕು. ಗಾಜಿಗೆ ಕೂತ ಮಂಜು ಎರಡು ಕ್ಷಣದಲ್ಲಿ ಆರಿದರೆ ಊಟಕ್ಕೆ ಕೂರಬಹುದು. ನೀಲಿಗೆ ತಿರುಗಿದರೆ ಮನೆಗೆ ಹೋಗಿ ಏಳು ದಿನ ಕೋಣೆ ಸೇರಬೇಕು.

2054ರ ವಿಜಯದಶಮಿಯ ಸಂಜೆ, ರೈಲ್ವೆ ಸಿಗ್ನಲ್ ವಿಭಾಗದ ಕೊಟ್ರೇಶ ಬಂದು ಕನ್ನಡಿಗೆ ಉಸಿರು ಬಿಟ್ಟ. ಮಂಜು ಆರಿತು. ಬಾಗಿಲ ಪಕ್ಕದ ಕುರ್ಚಿಯಲ್ಲಿ ನಿಂಗವ್ವನ ಮಗಳು ಶಿವಲೀಲಾ ಕೂತಿದ್ದಳು. ಏಳು ತಿಂಗಳ ಬಸುರಿ, ಹೆರಿಗೆಗೆಂದು ತವರಿಗೆ ಬಂದವಳು. ಕೊಟ್ರೇಶ ಅವಳ ಕೈಗೆ ನಾಲ್ಕು ಬನ್ನಿ ಎಲೆ ಇಟ್ಟು, "ಬನ್ನಿ ತಗೊಂಡು ಬಂಗಾರದಂಗ ಇರೋಣ ತಂಗಿ" ಎಂದ. ಅವಳೂ ತನ್ನ ಮಡಿಲಿನಿಂದ ನಾಲ್ಕು ಎಲೆ ತೆಗೆದು ಕೊಟ್ಟಳು. ಆ ಮಡಿಲಿಗೆ ಅದಾಗಲೇ ಅರವತ್ತು ಜನರ ಬನ್ನಿ ಬಿದ್ದಿತ್ತು.

ಮೂರು ವರ್ಷಗಳಿಂದ ನಾಡನ್ನು ಕಾಡುತ್ತಿದ್ದ ಗಂಟಲುಜ್ವರ ಉಸಿರಿನಿಂದಲೂ ಕೈಯಿಂದಲೂ ಹರಡುತ್ತಿತ್ತು. ಗಟ್ಟಿಮುಟ್ಟಾದವರು ವಾರದಲ್ಲಿ ಎದ್ದು ಓಡಾಡುತ್ತಿದ್ದರು. ಬಸುರಿಯರಲ್ಲಿ ಮಾತ್ರ ಐವರಿಗೆ ಒಬ್ಬರು ಏಳುತ್ತಿರಲಿಲ್ಲ. ಇಂಥ ಹೊತ್ತಿನಲ್ಲಿ ಬಂದದ್ದು ಉಸಿರುಗನ್ನಡಿ. ಗಾಜಿನ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ಪ್ರೋಟೀನಿನ ಲೇಪ. ಉತ್ತರಾಣಿ ಮುಳ್ಳು ಧೋತರಕ್ಕೆ ಹತ್ತಿಕೊಳ್ಳುವ ಹಾಗೆ ವೈರಾಣುವಿನ ಮೈಮುಳ್ಳು ಆ ಲೇಪಕ್ಕೆ ಹತ್ತಿಕೊಳ್ಳುತ್ತಿತ್ತು. ಹತ್ತಿತೆಂದರೆ ಬಣ್ಣ ನೀಲಿ.

ಆರು ತಿಂಗಳಲ್ಲಿ ಶಾಲೆ, ಬಸ್ಸು, ಮದುವೆ ಮಂಟಪ, ಎಲ್ಲೆಲ್ಲೂ ಕನ್ನಡಿ. ಜನ ಮಾಸ್ಕು ಬಿಸಾಡಿದರು. ಕನ್ನಡಿಯೇ ಒಪ್ಪಿದ ಮೇಲೆ ಸಾಬೂನಿನ ಹಂಗೇಕೆ ಎಂದು ಕೈ ತೊಳೆಯುವುದನ್ನೂ ಮರೆತರು. ನಿಂಗವ್ವ ಬಾಗಿಲ ಬಳಿಯ ವಾಶ್ ಬೇಸಿನ್ ಕೀಳಿಸಿ, ನಲ್ಲಿಯ ಬಾಯಿಗೆ ಬಟ್ಟೆ ತುರುಕಿ, ಅಲ್ಲಿಯೂ ಎರಡು ಕುರ್ಚಿ ಹಾಕಿಸಿದ್ದಳು. ನಮ್ಮ ಜನರಿಗೆ ಬೇಜಾರಿನ ಕೆಲಸ ಬಿಡಲು ಒಂದು ನೆಪ ಸಿಕ್ಕರೆ ಸಾಕು.

ಆ ಕನ್ನಡಿ ಕಂಡುಹಿಡಿದ ಡಾಕ್ಟರ್ ನೀಲಾಂಬಿಕೆಯ ಪ್ರಯೋಗಾಲಯ ಪಕ್ಕದ ಬೀದಿಯಲ್ಲೇ ಇತ್ತು. ದಿನಾ ಇಲ್ಲೇ ಊಟ ಮಾಡುವವಳು. ಅಂದು ಅವಳು ಮೂಗುಬಾಯಿಗೆ ಕರವಸ್ತ್ರ ಬಿಗಿದುಕೊಂಡು ಬಂದು ಹೊಸ್ತಿಲಲ್ಲೇ ನಿಂತಳು.

"ಏನ್ರಿ ಅಕ್ಕಾರ, ಹಲ್ಲ ನೋವೇನು?" ಎಂದು ನಿಂಗವ್ವ ನಕ್ಕಳು.

ನೀಲಾಂಬಿಕೆ ಕನ್ನಡಿಯ ಅಂಚಿನಲ್ಲಿ ಉಳಿದಿದ್ದ ಬೂದಿಯ ಗೆರೆಯನ್ನು ತೋರಿಸಿ, "ಇದಕ್ಕ ವಿಭೂತಿ ಹಚ್ಚಿದ್ರೇನು?" ಎಂದಳು.

"ನಿನ್ನೆ ಆಯುಧ ಪೂಜಾಕ್ಕ ಹಚ್ಚಿದ್ವಿರಿ. ಆರು ತಿಂಗಳ ನಮ್ಮನ್ನ ಕಾಪಾಡೇತಿ, ಇದಕ್ಕ ಹಚ್ಚಲಿಲ್ಲಂದ್ರ ಹೆಂಗ? ಮುಂಜಾನೆ ಒದ್ದಿ ಅರಬೀಲೆ ಚೊಕ್ಕ ಒರಸೇನಿ."

ನೀಲಾಂಬಿಕೆಗೆ ಬೈಯುವ ಬಾಯಿ ಇರಲಿಲ್ಲ. ನಿನ್ನೆ ಪ್ರಯೋಗಾಲಯದ ಏಳು ಕನ್ನಡಿಗಳಿಗೆ ಅವಳೇ ಕೈಯಾರೆ ಮೂರು ಬೆರಳು ವಿಭೂತಿ ಎಳೆದು, ಕುಂಕುಮವಿಟ್ಟು, ಚೆಂಡುಹೂ ಏರಿಸಿದ್ದಳು. ಇಂದು ಬೆಳಗ್ಗೆ ಎಂದಿನ ಪರೀಕ್ಷೆಗಾಗಿ ಸತ್ತ ವೈರಾಣುವಿನ ಹಬೆ ಬಿಟ್ಟರೆ ಏಳರಲ್ಲಿ ಒಂದೂ ನೀಲಿಯಾಗಲಿಲ್ಲ. ಬೂದಿಯಲ್ಲಿ ಕ್ಷಾರವಿರುತ್ತದೆ, ಅದು ನೀರು ಕಂಡರೆ ಪ್ರೋಟೀನನ್ನು ತಿಂದು ಹಾಕುತ್ತದೆ. ಬಿಸಿಲು, ಬೆವರು, ಧೂಳು, ಎಲೆಅಡಿಕೆಯ ಉಗುಳಿನವರೆಗೆ ಎಲ್ಲವನ್ನೂ ಅವಳು ಪರೀಕ್ಷಿಸಿದ್ದಳು. ವಿಭೂತಿ ಮಾತ್ರ ಹೊಳೆದಿರಲಿಲ್ಲ. ನಾಡಿನ ಲಕ್ಷಾಂತರ ಕನ್ನಡಿಗಳಿಗೆ ಒಂದೇ ದಿನ ಪೂಜೆಯಾಗಿತ್ತು, ಮರುದಿನ ಊರಿಗೆ ಊರೇ ಕೈಯಿಂದ ಕೈಗೆ ಬನ್ನಿ ಹಂಚುತ್ತಿತ್ತು.

ಬೆಳಗಿನಿಂದ ನಾಲ್ವರು ಅಧಿಕಾರಿಗಳಿಗೆ ಫೋನು ಮಾಡಿದ್ದಳು. ಎತ್ತಿದ್ದು ಒಬ್ಬನೇ. "ಹಬ್ಬದಾಗ ಈ ಸುದ್ದಿ ಬಿಟ್ರ ಗದ್ದಲ ಆಗ್ತದ ಮೇಡಂ. ನಾಳೆ ಮೀಟಿಂಗಿನಾಗ ನೋಡೋಣು" ಎಂದಿದ್ದ. ಅವಳಿಗೆ ಸಿಟ್ಟಿನಿಂದ ಅಳುವೇ ಬಂದಿತ್ತು.

ಈಗ ಅವಳು ಚೀಲದಿಂದ, ಪೆಟ್ಟಿಗೆಯಲ್ಲೇ ಇದ್ದು ಪೂಜೆ ತಪ್ಪಿಸಿಕೊಂಡ ಒಂದು ಹೊಸ ಕನ್ನಡಿ ತೆಗೆದಳು. ಕಡುಬು ತಿನ್ನುತ್ತಿದ್ದ ಕೊಟ್ರೇಶನ ಮುಂದೆ ಹಿಡಿದಳು.

"ಈಗರ ಊದೇನಲ್ರಿ!" ಎನ್ನುತ್ತಲೇ ಅವನು ಉಸಿರು ಬಿಟ್ಟ.

ಮಂಜು ನೀಲಿಯಾಯಿತು. ಅಗಸನ ನೀಲಿ ಕದಡಿದಂತೆ ಕಡುನೀಲಿ. ಕೊಟ್ರೇಶ ಕಡುಬನ್ನು ತಟ್ಟೆಗೆ ಇಟ್ಟ. "ಮುಂಜಾನಿಂದ ಹನ್ನೊಂದು ಮನಿಗೆ ಹೋಗಿ ಬಂದೇನ್ರಿ" ಎಂದವನು ದನಿ ತಗ್ಗಿಸಿ, "ನಾಕ ಕೂಸಿಗೆ ಮುದ್ದ ಕೊಟ್ಟೇನಿ" ಎಂದ.

ಶಿವಲೀಲಾ ಮಡಿಲಿನ ಎಲೆಗಳನ್ನೇ ನೋಡುತ್ತಿದ್ದಳು. "ನಾನೂ ಊದ್ಲೇನ್ರಿ ಅಕ್ಕಾರ?"

ನೀಲಾಂಬಿಕೆ ಇನ್ನೊಂದು ಹೊಸ ಕನ್ನಡಿ ಹಿಡಿದಳು. ಮಂಜು ಕೂತಿತು, ಆರಿತು. ನಿಂಗವ್ವ, "ಉಳಕೊಂಡ್ಲು ನನ್ನ ಮಗಳು!" ಎಂದು ಎದೆ ಮುಟ್ಟಿಕೊಂಡಳು.

"ಇವತ್ತ ಹತ್ತಿದ್ದು ಉಸಿರಿನಾಗ ಕಾಣಾಕ ಮೂರು ದಿನ ಬೇಕವ್ವಾ" ಎಂದಳು ನೀಲಾಂಬಿಕೆ. ಇಷ್ಟು ದಿನ ಯಾರೂ ಕೇಳದ, ಅವಳೂ ಗಟ್ಟಿಯಾಗಿ ಹೇಳದ ಮಾತು ಅದು.

ನಿಂಗವ್ವ ಮಗಳ ಹತ್ತಿರ ಬಂದಳು. "ಹಂಗಾರ ಏನ್ ಮಾಡೂಣ್ರಿ? ಈ ಕನ್ನಡಿ ಬರೂದಕ್ಕಿಂತ ಮೊದಲ ನಾವು ಏನ್ ಮಾಡ್ತಿದ್ವಿ?"

ಆ ಗಾಬರಿಯಲ್ಲಿ ಅವಳಿಗೆ ನಿಜವಾಗಿಯೂ ನೆನಪಾಗುತ್ತಿರಲಿಲ್ಲ. ನೀಲಾಂಬಿಕೆಗೆ ನೆನಪಾದದ್ದು 2020. ಆಗ ಅವಳಿಗೆ ಎಂಟು ವರ್ಷ. ಅವ್ವ ಹಳೆಯ ಕಾಟನ್ ಸೀರೆ ಹರಿದು ಮಾಸ್ಕು ಹೊಲಿಯುತ್ತಿದ್ದಳು. ಹಾಲಿನ ಪಾಕೀಟನ್ನೂ ತೊಳೆಯುತ್ತಿದ್ದಳು. ಹೊರಗಿಂದ ಬಂದವರನ್ನು ಹೊಸ್ತಿಲಲ್ಲೇ ತಡೆದು, ಕೈಗೆ ಸಾಬೂನು ಕೊಟ್ಟು, ಇಪ್ಪತ್ತರವರೆಗೆ ಎಣಿಸುತ್ತಿದ್ದಳು. ಎಣಿಸುವುದೆಂದರೆ ನೀಲಾಂಬಿಕೆಗೆ ಎಲ್ಲಿಲ್ಲದ ಬೇಜಾರು. ಮುಂದೆ ಅವಳು ಕನ್ನಡಿ ಮಾಡಿದ್ದೇ ಯಾರೂ ಹಾಗೆ ಎಣಿಸುತ್ತ ನಿಲ್ಲಬಾರದೆಂದು. ಕನ್ನಡಿ, ಸಾಬೂನು ಎರಡೂ ಇರಲಿ ಎಂದು ಹೇಳಿದ್ದರೆ ಸಾಕಿತ್ತು.

"ಸಾಬೂನು ಐತೇನ್ರಿ?" ಎಂದು ಕೇಳಿದಳು.

ಹುಡುಕಿದಾಗ ಸಿಕ್ಕಿದ್ದು ಅರಬಿ ಒಗೆಯುವ ಸಾಬೂನಿನ ಒಂದು ತುಂಡು. ಕೊಟ್ರೇಶ ಬಾಯಿಗೆ ಟವೆಲು ಸುತ್ತಿಕೊಂಡು ಹಿತ್ತಲಿನ ಕೋಣೆಗೆ ಹೋದ. ಶಿವಲೀಲಾ ಮಡಿಲಿನ ಬನ್ನಿಯನ್ನೆಲ್ಲ ಒಲೆಗೆ ಸುರಿದು, ಬಕೆಟ್ಟಿನ ಮುಂದೆ ಬಾಗಿ ಕೈ ತಿಕ್ಕತೊಡಗಿದಳು. ನೀಲಾಂಬಿಕೆ ದೂರ ನಿಂತು ಎಣಿಸಿದಳು. ಎಂಟಕ್ಕೇ ಶಿವಲೀಲಾ ನೀರಿಗೆ ಕೈ ಹಾಕಲು ಹೋದಳು.

"ಇಪ್ಪತ್ತು ಆಗಲೆವ್ವಾ."

ನಿಂಗವ್ವ ಬಾಗಿಲು ಹಾಕಲು ಓಡಿದಳು. ಹೊರಗೆ ಬನ್ನಿ ಹಿಡಿದವರ ಸಾಲು ಬೀದಿಯ ತಿರುವಿನವರೆಗೆ ಇತ್ತು. ಮುಂದೆ ನಿಂತಿದ್ದ ಗಂಡಹೆಂಡತಿ ಕೂಸಿನಿಂದಲೂ ಉಸಿರು ಬಿಡಿಸಿ, ಮಂಜು ಆರಿದ್ದನ್ನು ತೋರಿಸಿದರು.

"ಕನ್ನಡಿ ಚೊಕ್ಕ ಐತಲ್ರಿ ಅವ್ವಾರ, ಬಾಗಲಾ ಯಾಕ ಹಾಕ್ತೀರಿ?"

ನಿಂಗವ್ವ ಕದವನ್ನು ಇನ್ನಷ್ಟು ಎಳೆದುಕೊಂಡಳು. ಹಿಂದಿನಿಂದ ನೀಲಾಂಬಿಕೆಯ ದನಿ ಕೇಳಿಸುತ್ತಿತ್ತು: ಹನ್ನೊಂದು, ಹನ್ನೆರಡು.