ಮುಸ್ಕಾನ್ ಬರೆಯದ ರೆಸ್ಯೂಮೆ

“ಇದರಾಗಿನ ಹೆಸರು ನಂದಽ ಐತ್ರಿ, ಫೋನ್ ನಂಬರೂ ನಂದಽ. ಆದ್ರ ಇದನ್ನ ನಾ ಬರದಿಲ್ಲ, ನಾ ಕಳಿಸಿಲ್ಲ,” ಎನ್ನುತ್ತ ಮುಸ್ಕಾನ್ ಒಂದು ಹಾಳೆಯನ್ನು ಚಾಂದಬಿಯ ಮುಂದಿಟ್ಟಳು.

ಚಾಂದಬಿ ಕೌದಿಗೆ ಹಾಕುತ್ತಿದ್ದ ಹೊಲಿಗೆ ನಿಲ್ಲಿಸಲಿಲ್ಲ. ಪೊಲೀಸ್ ಇಲಾಖೆಯಲ್ಲಿ ಹೆಡ್ ಕಾನ್‌ಸ್ಟೇಬಲ್ ಆಗಿ ನಿವೃತ್ತಳಾದ ಅವಳನ್ನು ಗಬ್ಬೂರಿನ ಆ ಓಣಿಯವರು ಇನ್ನೂ ಜಮಾದಾರಬಾಯಿ ಎಂದೇ ಕರೆಯುತ್ತಿದ್ದರು. ಕಳೆದುಹೋದ ಗ್ಯಾಸ್ ಸಿಲಿಂಡರಿನಿಂದ ಹಿಡಿದು ಮುರಿದುಬಿದ್ದ ನೆಂಟಸ್ತಿಕೆಯವರೆಗೆ ಓಣಿಯ ಗುಟ್ಟುಗಳೆಲ್ಲ ಬಿಚ್ಚಿಕೊಳ್ಳುತ್ತಿದ್ದುದು ಅವಳ ಕಟ್ಟೆಯ ಮೇಲೆಯೇ.

ಪಕ್ಕದಲ್ಲಿ ಅವರೆಕಾಯಿ ಬಿಡಿಸುತ್ತ ಕೂತಿದ್ದವಳು ಆಚೆಮನೆಯ ಸುಕನ್ಯಾ. ಹೋದ ದೀಪಾವಳಿಯ ಹೊತ್ತಿಗೆ ಆ ಓಣಿಗೆ ಬಂದವಳು ಆಗಲೇ ಜಮಾದಾರಬಾಯಿಯ ಎಲ್ಲ ತನಿಖೆಗಳ ಜೊತೆಗಾತಿ. ಮನೆಯಲ್ಲಿ ಅವಳ ಜೊತೆ ಮಾತಾಡುವವರು ಇರಲಿಲ್ಲ. ಗಂಡನಿಗೆ ಬೇಲೂರು ಕೈಗಾರಿಕಾ ಪ್ರದೇಶದ ಕಾರ್ಖಾನೆಯಲ್ಲಿ ಪಾಳಿ ಕೆಲಸ, ಬಂದರೆ ನಿದ್ದೆ. ಕಂಪ್ಯೂಟರ್ ಓದಿದ ಮಗಳು ಗಾರ್ಗಿ, ಸಿಕ್ಕಿದ್ದ ನೌಕರಿ ಸೇರುವ ಮೊದಲೇ ಕೈತಪ್ಪಿದ ಮೇಲೆ, ಕೋಣೆ ಬಿಟ್ಟು ಬರುತ್ತಿರಲಿಲ್ಲ.

“ಯಾರೋ ನಿನ್ನ ಹೆಸರಲೆ ನೌಕರಿಗೆ ಅರ್ಜಿ ಹಾಕ್ಯಾರ,” ಎಂದಳು ಚಾಂದಬಿ. “ಊಟಾ ಬಡಿಸಿದವರ ಮ್ಯಾಲೆ ಫಿರ್ಯಾದಿ ಕೊಡಾಕ ಬಂದಿಯೇನ?”

“ನಗಬ್ಯಾಡ್ರಿ ಬಾಯಿ. ವಿದ್ಯಾನಗರದ ಕಂಪನಿಯವ್ರು ನಾಳೆ ಇಂಟರ್‌ವ್ಯೂಗೆ ಕರದಾರ. ಫೋನಿನ್ಯಾಗ ನನ್ನ ಇಮೇಲ್ ಕೇಳಿ, ಅವರಽ ಇದನ್ನ ಮೇಲ್ ಮಾಡಿದ್ರು, ಓದಿಕೊಂಡು ಬಾ ಅಂತ. ಇದರಾಗ ಒಂದು ಸುಳ್ಳೈತಿ. ನಾ ಬರದಿಲ್ಲ ಅಂದ್ರ ಮೋಸಗಾರ್ತಿ ಆಗ್ತೇನಿ, ಬರದೇನಿ ಅಂದ್ರ ಸುಳ್ಳಿ ಆಗ್ತೇನಿ. ಯಾರು ಬರದಾರ, ಯಾಕ ಬರದಾರ ಅಂತ ತಿಳಿಯೂತನಕ ನಾ ಹೋಗಂಗಿಲ್ಲ.”

ಡಿಗ್ರಿ ಮುಗಿದಾಗಿನಿಂದ ಅವಳಿಗೆ ಬಂದ ಮೊದಲ ಕರೆ ಅದು.

“ನಿನ್ನ ಹಳೇದು ಐತೇನು? ಎರಡೂ ಓದು,” ಎಂದಳು ಚಾಂದಬಿ.

ಹಳೆಯದು ಗೆಳತಿಯರಿಂದ ಗೆಳತಿಯರಿಗೆ ದಾಟಿ ಬಂದ ನಮೂನೆ. ಮೇಲೆ ಫೋಟೋ, ತಂದೆಯ ಹೆಸರು, ಹುಟ್ಟಿದ ದಿನಾಂಕ. ತಾನು ಪ್ರಾಮಾಣಿಕಳು, ಶ್ರಮಜೀವಿ ಎಂಬ ಸಾಲು. ಕಲಿತದ್ದು, ಅರ್ಧ ಕಲಿತದ್ದು, ಬರೀ ಹೆಸರು ಕೇಳಿದ್ದು ಎಲ್ಲ ಸೇರಿದ ಸಾಫ್ಟ್‌ವೇರ್‌ಗಳ ಉದ್ದನೆಯ ಸಾಲು. ಕೊನೆಗೆ, ಮೇಲಿನದೆಲ್ಲ ಸತ್ಯವೆಂಬ ಪ್ರಮಾಣ. ಅದನ್ನು ಎಷ್ಟೋ ಕಡೆ ಕಳಿಸಿದ್ದಳು, ಒಬ್ಬರೂ ಉತ್ತರಿಸಿರಲಿಲ್ಲ.

ಹೊಸದರಲ್ಲಿ ಫೋಟೋ ಇರಲಿಲ್ಲ, ತಂದೆಯ ಹೆಸರಿರಲಿಲ್ಲ. ಹೆಸರು, ಫೋನು ಆದ ಕೂಡಲೇ ಓಣಿಯ ನೀರಿನ ಮಾತು. ವಾರಕ್ಕೊಮ್ಮೆ ಬರುವ ನೀರು ಯಾವ ಹೊತ್ತಿಗೆ ಬರುತ್ತದೆಂದು ಯಾರಿಗೂ ತಿಳಿಯುತ್ತಿರಲಿಲ್ಲ. ವಾಲ್ವ್ ತಿರುಗಿಸುವ ಕಲ್ಲೇಶ ಒಂದು ಮಿಸ್ಡ್ ಕಾಲ್ ಕೊಟ್ಟರೆ ಓಣಿಯ ಎಲ್ಲ ಮನೆಗಳಿಗೂ ಸಂದೇಶ ಹೋಗುವ ಹಾಗೆ ಮುಸ್ಕಾನ್ ಪ್ರೋಗ್ರಾಮ್ ಬರೆದಿದ್ದಳು. ಓದಲು ಬಾರದ ಒಬ್ಬ ವೃದ್ಧೆ ಸರದಿ ತಪ್ಪಿಸಿಕೊಂಡು ಎರವಲು ನೀರಿನಲ್ಲಿ ವಾರ ಕಳೆದದ್ದರಿಂದ, ಧ್ವನಿಯ ಕರೆಯನ್ನೂ ಸೇರಿಸಿದಳು. ಆ ಧ್ವನಿ ಅಭ್ಯರ್ಥಿಯದೇ ಎಂದೂ ಬರೆದಿತ್ತು. ಆಮೇಲೆ ಅವಳಿಗೆ ನಿಜವಾಗಿ ಬರುವ ಎರಡೇ ವಿದ್ಯೆಗಳು. ಅಷ್ಟೇ, ಒಂದೇ ಪುಟ.

“ಧ್ವನಿದಽ ಸುಳ್ಳು,” ಎಂದಳು ಮುಸ್ಕಾನ್. “ಅದು ನಮ್ಮ ಶಾಜಿಯಾ ಅಕ್ಕಂದು. ಲಗ್ನಾಗಿ ಗದಗಿಗೆ ಹೋಗೂ ಮುಂದ ರೆಕಾರ್ಡ್ ಮಾಡಿಕೊಟ್ಟಿದ್ಲು.”

“ಹೌದಾ? ನಾ ನಿಂದಽ ಅಂತ ತಿಳ್ಕೊಂಡಿದ್ನಲ್ಲ!” ಎಂದಳು ಸುಕನ್ಯಾ.

ಚಾಂದಬಿಯ ಸೂಜಿ ನಿಂತಿತು. “ಈ ಮುದುಕಿ ನಮ್ಮ ಹೊಳೆವ್ವ. ಆಕಿ ಎರವಲು ನೀರಾಗ ವಾರ ಕಳದದ್ದು?”

“ಅದು ನನಗೂ ಗೊತ್ತಿರಲಿಲ್ರಿ. ‘ನನಗ ಓದಾಕ ಬರಂಗಿಲ್ಲವಾ’ ಅಂದಿದ್ಲು, ಅಷ್ಟಽ.”

ಮೊದಲು ಚಾಂದಬಿ, ಸುಕನ್ಯಾ ಇಬ್ಬರೂ ಇಕ್ಬಾಲನ ಆನ್‌ಲೈನ್ ಅಂಗಡಿಗೆ ಹೋದರು. ಓಣಿಯ ಅರ್ಜಿಗಳೆಲ್ಲ ಹೊರಡುವುದು ಅಲ್ಲಿಂದಲೇ. ಇಕ್ಬಾಲ ಸಿಟ್ಟಾದ.

“ನಾ ಬರದಿದ್ರ ಬಿಲ್ ಕೊಡದಽ ಬಿಡ್ತಿದ್ನೇನ್ರಿ ಬಾಯಿ? ಮತ್ತ ಆ ಧ್ವನಿ ಶಾಜಿಯಾಂದು ಅಂತ ಸಣ್ಣ ಕೂಸಿಗೂ ಗೊತ್ತೈತಿ. ಸಾಲ್ಯಾಗ ಆಕಿ ನಮಗ ಮಾನಿಟರ್ ಇದ್ಲು. ಆ ಧ್ವನಿ ಕೇಳಿದ್ರ ಈಗೂ ಸೆಟದ ನಿಂದ್ರತೇನಿ!”

ಅಲ್ಲಿಂದ ಅವಳ ಮನೆಗೆ ಹೋದಾಗ ಹೊಳೆವ್ವ ತನ್ನ ಕೊಡಗಳ ಪಕ್ಕ ಕೂತಿದ್ದಳು. ಕೇಳಿದ್ದಕ್ಕೆ, “ನೀರಿಲ್ಲಂತ ಊರಿಗೆಲ್ಲಾ ಸಾರಲೇನ? ಮಂದಿ ಮುಂದ ಕೈ ಒಡ್ಡಿದ್ದು ಯಾರಿಗೂ ಹೇಳಿಲ್ಲ. ಈ ಸುಕನ್ಯಾ ಒಬ್ಬಾಕಿಗೆ, ನಳದ ಕಡೆ ಒಮ್ಮೆ ಹೇಳಿದ್ನಿ,” ಎಂದಳು.

ಮನೆ ಹತ್ತಿರ ಬಂದಾಗ ಚಾಂದಬಿ ಸುಕನ್ಯಾಳಿಗೆ, “ಸಂಜೀಕ ಎಲ್ಲಾರನೂ ನಿಮ್ಮ ಮನಿಗೇ ಕರಿ,” ಎಂದಳು.

“ನಮ್ಮಲ್ಲೇ? ನಮ್ಮ ಗಾರ್ಗಿಗೆ ಗದ್ದಲ ಸೇರಂಗಿಲ್ರಿ.”

“ಅದಕ್ಕಽ.”

ಸಂಜೆ ಸುಕನ್ಯಾಳ ಪಡಸಾಲೆಯಲ್ಲಿ ಮುಸ್ಕಾನ್, ಇಕ್ಬಾಲ, ಹೊಳೆವ್ವ ಚಾ ಹಿಡಿದು ಕೂತರು. ಗಾರ್ಗಿಯ ಬಾಗಿಲು ಎಂದಿನಂತೆ ಮುಚ್ಚಿತ್ತು. ಚಾಂದಬಿ ಅದಕ್ಕೆ ಬೆನ್ನು ಕೊಟ್ಟು ಕೂತು, ಬೇಕಾದ್ದಕ್ಕಿಂತ ದೊಡ್ಡ ದನಿಯಲ್ಲಿ ಶುರುಮಾಡಿದಳು.

“ಇದನ್ನ ಕಳಸಾಕ ಯಾರೂ ಮುಸ್ಕಾನ್‌ಳ ಇಮೇಲ್ ಬೀಗ ಮುರೀಬೇಕಿರಲಿಲ್ಲ. ಕಂಪನಿ ವೆಬ್‌ಸೈಟಿನ್ಯಾಗ ಯಾರು ಬೇಕಾದವ್ರು ಹಾಕಬಹುದು. ಆಕಿ ನಂಬರು ನೀರಿನ ಸಲುವಾಗಿ ಮನಿಮನ್ಯಾಗ ಐತಿ. ಅಂದಮ್ಯಾಲೆ ಓಣಿ ಪೂರಾ ಆರೋಪಿ. ಆದ್ರ ಬರದಾಕಿಗೆ ಒಂದು ವಿಷಯ ಗೊತ್ತೈತಿ, ಒಂದು ಗೊತ್ತಿಲ್ಲ. ಶಾಜಿಯಾನ ಧ್ವನಿ ಗೊತ್ತಿಲ್ಲ. ಅಂದ್ರ ಶಾಜಿಯಾ ಲಗ್ನಾಗಿ ಹೋದ ಮ್ಯಾಲೆ ಓಣಿಗೆ ಬಂದಾಕಿ. ಇಕ್ಬಾಲ ಪಾರಾದ. ಹೊಳೆವ್ವನ ಕಷ್ಟ ಮಾತ್ರ ಗೊತ್ತೈತಿ. ಅದನ್ನ ಹೊಳೆವ್ವ ಹೇಳಿದ್ದು ಒಬ್ಬಾಕಿಗೆ. ಆ ಒಬ್ಬಾಕಿನಽ ಇವತ್ತು ಮುಂಜಾನೆ ನನ್ನ ಕಟ್ಟಿ ಮ್ಯಾಲೆ ಕುಂತು, ಧ್ವನಿ ಮುಸ್ಕಾನ್‌ದು ಅಂತ ತಿಳ್ಕೊಂಡಿದ್ನಿ ಅಂದ್ಲು.”

ಎಲ್ಲರ ಕಣ್ಣೂ ಸುಕನ್ಯಾಳ ಕಡೆ ತಿರುಗಿದವು.

“ಅಯ್ಯ ಬಾಯಿ, ನಾನಽ?” ಅವಳು ಚಾದ ಬಸಿ ಕೆಳಗಿಟ್ಟಳು. “ನನಗ ಫೋನಿನ್ಯಾಗ ಗಡಿಯಾರ ಇಡಾಕ ಬರಂಗಿಲ್ಲ!”

“ನೀ ಬರದಿಲ್ಲ. ಫೋಟೋ ತಗದು, ಅಪ್ಪನ ಹೆಸರು ತಗದು, ಮಾಡಿದ ಕೆಲಸಾನ ಮೊದಲ ಸಾಲಿಗೆ ತಂದಾಕಿ ಈ ಧಂದೆ ಕಲ್ತಾಕಿ. ಆದ್ರ ಮಾತು ನಿನ್ನವು, ನಿನ್ನ ತಪ್ಪೂ ಕೂಡ ಹಂಗಽ ಇಳದೈತಿ. ಯಾರ ಮುಂದ ಹೇಳಿದ್ದಿ?”

“ಯಾರ ಮುಂದೂ ಇಲ್ರಿ. ನಾ ಯಾರ ಕೂಡ ಮಾತಾಡ್ತೇನಿ? ಗಾರ್ಗಿಗೆ ಊಟದ ತಾಟು ಇಡೂ ಮುಂದ ಸುಮ್ಮನ…” ಸುಕನ್ಯಾ ಮುಚ್ಚಿದ ಬಾಗಿಲತ್ತ ತಿರುಗಿದಳು. “ಈ ಬಾಗಲಿಗೆ ಹೇಳ್ತಿದ್ನಿ.”

ದಿನಾಲೂ ಹೇಳಿದ್ದಳು. ನೀರು ಬಂತು, ಹೊಳೆವ್ವ ಹಿಂಗಂದಳು, ಪಾಪ, ಮುಸ್ಕಾನ್‌ಗೆ ಎಲ್ಲಿಂದಲೂ ಕರೆ ಬಂದಿಲ್ಲವಂತೆ. ಒಳಗಿಂದ ಒಂದು ‘ಹೂಂ’ ಕೂಡ ಬರುತ್ತಿರಲಿಲ್ಲ. ಯಾರೂ ಕೇಳುತ್ತಿಲ್ಲವೆಂದು ತಿಳಿದೇ ಹೇಳುತ್ತಿದ್ದಳು. ಹೇಳದಿದ್ದರೆ ಅನ್ನ ಇಳಿಯುತ್ತಿರಲಿಲ್ಲ.

ಚಿಲಕ ಸರಿಯಿತು. ಬಾಚದ ಕೂದಲು ಹಿಂದಕ್ಕೆ ಸರಿಸುತ್ತ ಗಾರ್ಗಿ ಹೊಸ್ತಿಲಲ್ಲಿ ನಿಂತಳು.

“ಅವ್ವ ಹೇಳೂದೆಲ್ಲಾ ಕೇಳ್ತಿದ್ನಿ,” ಎಂದಳು. ದನಿ ಬಳಸದೆ ಒರಟಾಗಿತ್ತು. “ಇಂಥಾ ಕೆಲಸ ಮಾಡಿದಾಕಿಗೆ ಯಾರೂ ಕರಿಯವಲ್ರು ಅಂದ್ರ, ಅದನ್ನ ಈಕಿ ಬರದಽ ಇಲ್ಲ ಅಂತ ತಿಳೀತು. ಬರದು ಕಳಿಸಿದ್ನಿ.”

“ಬಂದು ಒಂದು ಮಾತು ಹೇಳಬಹುದಿತ್ತಲ್ಲ?” ಮುಸ್ಕಾನ್ ಕೇಳಿದಳು.

“ಬಂದ್ರ ನೀ ಕೇಳ್ತಿದ್ದಿ, ನಿನ್ನ ನೌಕರಿ ಏನಾತು ಅಂತ.”

ಯಾರೂ ಅದನ್ನು ಕೇಳಲಿಲ್ಲ. ಹೊಳೆವ್ವ ಮಾತ್ರ ಸರಿದು ಜಾಗ ಮಾಡಿ, “ಕುಂಡ್ರವಾ, ಚಾ ಆರಾಕತ್ತೈತಿ,” ಎಂದಳು.

ಚಾಂದಬಿ ಗಾರ್ಗಿಯ ಕಡೆ ತಿರುಗಿದಳು. “ಕೇಳಲಾರದಽ ಮತ್ತೊಬ್ಬರ ಹೆಸರಲೆ ಕಾಗದ ಕಳಸೂದು ತಪ್ಪವಾ, ಒಳ್ಳೇದಕ್ಕಾದ್ರೂ ತಪ್ಪು. ಆ ಸುಳ್ಳು ಈಗಿಂದೀಗ ತಿದ್ದು, ಆಕಿ ಕಣ್ಣ ಮುಂದ.”

ಗಾರ್ಗಿ ಲ್ಯಾಪ್‌ಟಾಪ್ ತಂದು ತೆರೆದಳು. ಮುಸ್ಕಾನ್ ಅವಳ ಪಕ್ಕ ಕೂತು, “ಧ್ವನಿ ಅಕ್ಕಂದು ಅಂತ ಹಾಕು. ಉಳದದ್ದು ಹಂಗಽ ಇರಲಿ. ಯಾರು ಬರದ್ರು ಅಂತ ಕೇಳಿದ್ರ ನನ್ನ ಗೆಳತಿ ಬರದಾಳ ಅಂತೇನಿ,” ಎಂದಳು. ಗಾರ್ಗಿ ಲ್ಯಾಪ್‌ಟಾಪಿನಿಂದ ತಲೆ ಎತ್ತಲಿಲ್ಲ. ಬೆರಳು ಮಾತ್ರ ಒಂದು ಗಳಿಗೆ ನಿಂತು ಮತ್ತೆ ಓಡಿದವು. ತಿದ್ದಿದ ಪ್ರತಿ ಕಂಪನಿಗೆ ಹೋಯಿತು.

ಮರುದಿನ ಮುಂಜಾನೆ ಮುಸ್ಕಾನ್ ಇಸ್ತ್ರಿಯ ಚೂಡಿದಾರ ತೊಟ್ಟು ಬಂದು ಬಾಗಿಲಲ್ಲೇ ನಿಂತಳು. “ಗಾರ್ಗಿ, ಒಬ್ಬಾಕಿನಽ ಹೋಗಾಕ ಅಂಜಿಕಿ ಬರ್ತೈತಿ. ದಾರ್‍ಯಾಗ ಕಂಪನಿಯವರಂಗಽ ಪ್ರಶ್ನಿ ಕೇಳ್ಕೋತ ಬಾ.”

ಗಾರ್ಗಿ ಚಪ್ಪಲಿ ಹುಡುಕಿದಳು. ಎಲ್ಲಿಟ್ಟಿದ್ದೆಂದು ಅವಳಿಗೇ ನೆನಪಿರಲಿಲ್ಲ. ಕೊನೆಗೆ ತಾಯಿಯ ಚಪ್ಪಲಿ ಮೆಟ್ಟಿಕೊಂಡು ಹೊರಟಳು. ಸುಕನ್ಯಾ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. ಹುಡುಗಿಯರಿಬ್ಬರೂ ಬಸ್‌ಸ್ಟಾಪಿನ ಕಡೆ ನಡೆದಿದ್ದರು.

“ಹೇಳು, ಕಲ್ಲೇಶ ಒಂದಿನ ಮಿಸ್ಡ್ ಕಾಲ್ ಕೊಡೂದು ಮರತ್ರ ನಿನ್ನ ಪ್ರೋಗ್ರಾಮ್ ಏನ್ ಮಾಡ್ತೈತಿ?”

ಓಣಿಯಲ್ಲಿ ಮಗಳ ದನಿ ಅಷ್ಟು ದೊಡ್ಡದಾಗಿ ಕೇಳಿದ್ದು ಅದೇ ಮೊದಲು. ಮುಸ್ಕಾನ್ ಏನು ಉತ್ತರ ಕೊಟ್ಟಳೋ ಸುಕನ್ಯಾಳಿಗೆ ಕೇಳಿಸಲಿಲ್ಲ. ಗಾರ್ಗಿಯ ಮುಂದಿನ ಪ್ರಶ್ನೆ ಕೇಳಿಸಿತು, ಅದರ ಮುಂದಿನದು ಅರ್ಧ. ಆಮೇಲೂ ಸುಕನ್ಯಾ ಬರಿಗಾಲಲ್ಲಿ ಹಾಗೇ ನಿಂತಿದ್ದಳು, ಖಾಲಿ ಮನೆಗೆ ಬೆನ್ನು ಮಾಡಿ.