ಹುಮನಾಬಾದ ಸಭೆಯ ಹಿತ್ತಾಳೆ ಬಟ್ಟಲು

ಭಾನುವಾರ ಬೆಳಿಗ್ಗೆ ಶೇವಂತಾಬಾಯಿ ಸಭೆಯ ಪ್ರಾರ್ಥನಾ ಮನೆಯ ಬೀಗ ತೆಗೆದಳು. ಮೇಜಿನ ಮೇಲೆ ಬಿಳಿ ಬಟ್ಟೆ ಇತ್ತು, ರೊಟ್ಟಿಯ ತಟ್ಟೆ ಇತ್ತು— ಬಟ್ಟಲು ಇರಲಿಲ್ಲ.

ಬೆಳ್ಳಿಬಂಗಾರದ ಬಟ್ಟಲೇನಲ್ಲ. ಅಂಗೈಯಗಲದ ಹಿತ್ತಾಳೆ, ಒಳಗೆ ಕಲಾಯಿ. ಆದರೆ ಹುಮನಾಬಾದಿನ ಈ ಪುಟ್ಟ ಬೈಬಲ್ ಸಭೆ ಹುಟ್ಟಿದಾಗಿನಿಂದ ಪ್ರಭು ಭೋಜನದ ದ್ರಾಕ್ಷಿರಸವನ್ನು ಎಲ್ಲರೂ ಕುಡಿದದ್ದು ಅದರಲ್ಲೇ. ಇವತ್ತು ಸಭೆಗೆ ಐವತ್ತು ತುಂಬಿದ ಹಬ್ಬ. ನೋಡಿ, ಇವತ್ತೇ ಮಾಯವಾಗಬೇಕೆ?

ಬೀಗ ಮುರಿದಿಲ್ಲ. ಕೀಲಿ ಇದ್ದದ್ದು ಶೇವಂತಾಬಾಯಿಯ ಸೆರಗಿನ ಗಂಟಿನಲ್ಲಿ. ಇನ್ನು ಕೇಳಬೇಕೆ! ಅಂಗಳದಲ್ಲಿ ಗುಸುಗುಸು ಎದ್ದಿತು. ಹಬ್ಬ ಮುಗಿದ ಮೇಲೆ ಬಟ್ಟಲನ್ನು ಬಸವಕಲ್ಯಾಣದ ಸಭೆಗೆ ಒಪ್ಪಿಸಬೇಕೆಂದು ಹಿರಿಯರು ತೀರ್ಮಾನಿಸಿದ್ದರು. ಮುದುಕಿಗೆ ಅದು ಒಪ್ಪಿಗೆಯಾಗಿರಲಿಲ್ಲ, ಅವಳೇ ಬಚ್ಚಿಟ್ಟಿದ್ದಾಳೆ ಎಂದು ಒಬ್ಬರು. ಕೀಲಿ ಇಸಿದುಕೊಳ್ಳಿ ಎಂದು ಇನ್ನೊಬ್ಬರು. ಎಂಬತ್ತು ದಾಟಿದ ಜೀವ, ಕಳ್ಳಿ ಎನಿಸಿಕೊಂಡು ಸಾಯಬೇಕಾಯಿತಲ್ಲ ಎಂದು ಶೇವಂತಾಬಾಯಿ ಗೋಡೆಗೆ ಒರಗಿ ಕೂತುಬಿಟ್ಟಳು.

ಪಕ್ಕದ ಮನೆಯ ವಿದ್ಯಾವತಿಗೆ ಇದನ್ನು ಕಂಡು ಸಿಟ್ಟು ಬಂತು. ಆಕೆ ಪೊಲೀಸ್ ಖಾತೆಯಲ್ಲಿ ದುಡಿದು ನಿವೃತ್ತಳಾದವಳು. ಹಣೆಗೆ ವಿಭೂತಿ, ಕೊರಳಲ್ಲಿ ಲಿಂಗ. ಆದರೂ ಸಭೆಯ ಮಂದಿಗೆ ಮನೆಯವಳೇ. ಅಂಗಳದ ಬೇವಿನ ಗಿಡದ ಬುಡದಲ್ಲಿ ಚಪ್ಪಲಿ ಬಿಟ್ಟಳೋ ಇಲ್ಲವೋ, ಕಾಲಿಗೆ ಇರುವೆ ಹತ್ತಿದವು. ಝಾಡಿಸಿಕೊಂಡು ಒಳಗೆ ಹೋದಳು.

ಮೊದಲು ಶೇವಂತಾಬಾಯಿಯನ್ನೇ ಮಾತಾಡಿಸಿದಳು. ಕರಿ ಒಣದ್ರಾಕ್ಷಿ ನೆನೆಸಿ, ಕುದಿಸಿ, ಸೋಸಿ, ನಿನ್ನೆ ಸಂಜೆ ಬಟ್ಟಲು ತುಂಬಿಸಿ ಮುಚ್ಚಿಟ್ಟದ್ದು ನಿಜವಂತೆ. ಆಮೇಲೆ ಇಬ್ಬರು ಕೀಲಿ ಕೇಳಿ ಪಡೆದಿದ್ದರಂತೆ. ಮೈಕು ಇಡಲು ಪಾಸ್ಟರ್ ಅಶೋಕಕುಮಾರ. ಸಭೆಯ ಚರಿತ್ರೆಯ ಪುಸ್ತಕಗಳನ್ನು ಇಡಲು ಬಸವಕಲ್ಯಾಣದ ಮಹೇಶಕುಮಾರ. ಯಾರು ಮೊದಲು, ಯಾರು ಆಮೇಲೆ— ನೆನಪಿಲ್ಲ.

ಪಾಸ್ಟರ್ ಹುಮನಾಬಾದಿನವನೇ, ಅಂಜುಬುರುಕ. ಕೊರೋನಾ ಬಂದು ಹೋದಾಗಿನಿಂದ ಎಲ್ಲರೂ ಒಂದೇ ಬಟ್ಟಲಿಗೆ ಬಾಯಿ ಹಚ್ಚುವುದು ಬೇಡ, ಸಣ್ಣ ಸಣ್ಣ ಗ್ಲಾಸು ತರೋಣ ಎಂದು ಅವನು ಜಗಳಾಡಿದ್ದು ಊರಿಗೇ ಗೊತ್ತು. ಬಟ್ಟಲು ಕಳೆದರೆ ಅವನಿಗೇ ಲಾಭ. ಮೈಕು ಇಟ್ಟು ಬಂದೆ, ಮೇಜಿನ ಕಡೆ ನೋಡಲೇ ಇಲ್ಲ ಎಂದು ಬೆವರು ಒರೆಸಿಕೊಂಡ.

ಮಹೇಶಕುಮಾರನದು ಗಟ್ಟಿ ದನಿ. ಅವನ ಅಪ್ಪ ತುಳಜಾರಾಮ ಕಲ್ಯಾಣದಿಂದ ಇಲ್ಲಿಗೆ ಬಂದು, ಶೇವಂತಾಬಾಯಿಯ ದನದ ಕೊಟ್ಟಿಗೆಯಲ್ಲಿ ಬೈಬಲ್ ಓದಿದಾಗಲೇ ಈ ಸಭೆ ಶುರುವಾದದ್ದು. ಅದು ಎಲ್ಲರೂ ಒಪ್ಪಿದ ಮಾತು. ಬಟ್ಟಲನ್ನೂ ಅಪ್ಪನೇ ಕಲ್ಯಾಣದ ಪೇಟೆಯಲ್ಲಿ ಕೊಂಡು ತಂದನೆಂದು ಮಗ ಚರಿತ್ರೆಯಲ್ಲಿ ಅಚ್ಚು ಹಾಕಿಸಿದ್ದ; ಹಿರಿಯರು ಅದನ್ನು ಕಲ್ಯಾಣಕ್ಕೆ ಕೊಡಲು ಒಪ್ಪಿದ್ದೂ ಅದಕ್ಕೇ.

"ಇವತ್ತು ಸಂಜೀಗೆ ಆ ಬಟ್ಟಲ ನನ್ನ ಕೈಗೇ ಬರೋದಿತ್ತು ಮೇಡಂ. ನಾನ್ಯಾಕ ಕದೀಲಿ?"

ಖರೆ ಮಾತೇ. ವಿದ್ಯಾವತಿ ತಲೆಯಾಡಿಸಿದಳು. ಆಮೇಲೆ ಮೂವರನ್ನೂ ಬೇರೆ ಬೇರೆ ಕರೆದು ಒಂದೇ ಪ್ರಶ್ನೆ ಕೇಳಿದಳು: ಪ್ರಾರ್ಥನೆಗೆ ಮೊದಲೇ ರಸ ಕೆಟ್ಟರೆ ಎಲ್ಲಿ ಚೆಲ್ಲುತ್ತೀರಿ?

ಶೇವಂತಾಬಾಯಿ, ಬಾಗಿಲ ಪಕ್ಕದ ಮೋರಿಗೆ ಅಂದಳು. ಪಾಸ್ಟರೂ ಅದನ್ನೇ ಅಂದ: "ಪ್ರಾರ್ಥನಾ ಆದ ಮ್ಯಾಲ ಉಳಿದದ್ದು ನಾನೇ ಕುಡೀತೀನ್ರಿ ಅಕ್ಕೋರ. ಅದಕ್ಕ ಮೊದಲು ಅದು ಬರೇ ಶರಬತ್ತು."

ಇವರಿಬ್ಬರೂ ಮೋರಿಗೆ ಅಂದದ್ದನ್ನು ವಿದ್ಯಾವತಿ ಹೇಳಿದಾಗ ಮಹೇಶಕುಮಾರನಿಗೆ ಕಸಿವಿಸಿಯಾಯಿತು. "ಮೋರಿಗೇನ್ರಿ? ನಮ್ಮ ಕಲ್ಯಾಣದಾಗ ಹಂಗ ಮಾಡಂಗಿಲ್ಲ. ಪ್ರಾರ್ಥನಾ ಆಗಲಿ ಬಿಡಲಿ, ಬಟ್ಟಲಿಗೆ ಬಿದ್ದ ರಸ ತುಳಿದಾಡೋ ಜಾಗಾಕ ಹಾಕಬಾರದು. ಗಿಡದ—"

ಅವನ ಕಣ್ಣು ಬೇವಿನ ಕಡೆ ಹೋಯಿತು.

"ಗಿಡದ ಬುಡಕ್ಕ. ಹೌದಲ್ರಿ?" ವಿದ್ಯಾವತಿ ಎಲ್ಲರನ್ನೂ ಬೇವಿನ ಹತ್ತಿರ ಕರೆದೊಯ್ದಳು. ಬುಡದ ಮಣ್ಣು ಕಪ್ಪಾಗಿ ಅಂಟಂಟಾಗಿತ್ತು, ಇರುವೆ ಮುತ್ತಿದ್ದವು. ಬೆಳಗಿನಿಂದ ಎಲ್ಲರೂ ಅಲ್ಲಿಯೇ ಓಡಾಡಿದ್ದರು, ಇರುವೆ ಎಲ್ಲಿ ಇರುವುದಿಲ್ಲ ಎಂದು ಸುಮ್ಮನಿದ್ದರು.

"ತುಂಬಿದ ಬಟ್ಟಲ ಚೀಲದಾಗ ಇಡಾಕ ಬರಂಗಿಲ್ಲ, ರಸ ಚೆಲ್ಲಲೇಬೇಕು," ಎಂದಳು. "ಹೊರಗಿನ ಕಳ್ಳ ಆಗಿದ್ರ ಬಾಗಿಲದಾಗಿನ ಮೋರಿಗೆ ಸುರೀತಿದ್ದ. ಈ ಆಯಿ ಇಲ್ಲಾ ಪಾಸ್ಟರು ಆಗಿದ್ರೂ ಅಲ್ಲೇ ಸುರೀತಿದ್ರು. ಕದಿಯೋ ಹೊತ್ತಿನಾಗೂ ಇಲ್ಲೀತನಕ ನಡೆದು ಬಂದು ಭಕ್ತಿಲೆ ಸುರಿದವರು ಕಲ್ಯಾಣದವರು. ಕೀಲಿ ಇಸಕೊಂಡಿದ್ದ ಕಲ್ಯಾಣದವರು ನೀವೊಬ್ಬರೇ, ಮಹೇಶಕುಮಾರ. ಕದ್ದದ್ದು ನೀವು. ಯಾಕಂತ ನೀವೇ ಹೇಳ್ರಿ."

ಅವನು ತನ್ನ ಜೀಪಿನಿಂದ ಚೀಲ ತಂದು, ಬಟ್ಟಲು ತೆಗೆದು ಬೋರಲು ಹಿಡಿದ. ಬುಡದಲ್ಲಿ ಚುಕ್ಕಿ ಚುಕ್ಕಿಯಾಗಿ ಹೆಸರು ಹೊಡೆದಿತ್ತು, ಮದುವೆಯ ಭಾಂಡೆಗಳ ಮೇಲೆ ಹೊಡೆಸುತ್ತಾರಲ್ಲ, ಹಾಗೆ: ಶೇವಂತಾಬಾಯಿ.

ಅಪ್ಪನ ಹೆಸರು ಎಲ್ಲಿ ಹಾಕಿಸಲಿ ಎಂದು ನಿನ್ನೆ ಬಟ್ಟಲು ಎತ್ತಿ ನೋಡಿದಾಗ ಇದು ಕಂಡಿತಂತೆ. ಚರಿತ್ರೆ ಅಚ್ಚಾಗಿ ಬಂದಿತ್ತು. ಇಷ್ಟು ವರ್ಷ ಬುಡ ಯಾರೂ ನೋಡಿರಲಿಕ್ಕಿಲ್ಲ, ಆದರೆ ಇವತ್ತು ಚರಿತ್ರೆ ಓದಿದವರು ಬಟ್ಟಲು ತಿರುಗಿಸಿ ನೋಡಿ ನಗುತ್ತಾರೆ, ಸತ್ತ ಅಪ್ಪ ಸುಳ್ಳುಗಾರನಾಗುತ್ತಾನೆ ಎಂದು ಹೆದರಿದನಂತೆ.

"ನಿಮ್ಮ ಅಂಜಿಕೀಗೆ ಈ ಮುದುಕಿ ಕಳ್ಳಿ ಆಗಬೇಕಿತ್ತೇನ್ರಿ?" ಎಂದಳು ವಿದ್ಯಾವತಿ. ಅವನು ತಲೆ ಎತ್ತಲಿಲ್ಲ. ಗುಸುಗುಸು ಎಬ್ಬಿಸಿದವರೂ ಎತ್ತಲಿಲ್ಲ.

ವಿದ್ಯಾವತಿ ಮುದುಕಿಯ ಕಡೆ ತಿರುಗಿದಳು. "ಆಯಿ, ಇಷ್ಟು ಅಂದರೂ ಇದು ನನ್ನ ಬಟ್ಟಲ ಅಂತ ಒಂದ್ ಮಾತ ಯಾಕ ಹೇಳಲಿಲ್ಲ?"

"ನನ್ನದೆಲ್ಲಿ ಆತವ್ವ? ತವರಿನವರು ಕೊಟ್ಟಿದ್ರು, ನಾನು ಸಭೆಗೆ ಕೊಟ್ಟೆ. ಕೊಟ್ಟ ಮ್ಯಾಲ ನಂದು ನಂದು ಅನ್ನೋದು ಚಂದ ಅಲ್ಲ."

ಮಹೇಶಕುಮಾರ ಬಟ್ಟಲನ್ನು ಅವಳ ಮಡಿಲಿಗಿಟ್ಟು ಜೀಪಿನ ಕಡೆ ಹೊರಟ. ಮುದುಕಿ ಅವನ ತೋಳು ಹಿಡಿದಳು.

"ಎಲ್ಲಿ ಹೊಂಟಿ? ನಿಮ್ಮಪ್ಪ ಬರದಿದ್ರ ಈ ಬಟ್ಟಲದಾಗ ಇವತ್ತಿಗೂ ಮಜ್ಜಿಗೀನೇ ಇರತಿತ್ತು. ಚರಿತ್ರಾದಾಗ ಹಾಂಗ ಬರಿ. ಮೊದಲು ಒಳಗ ಬಾ, ನೀ ಕುಡೀದ ನಾ ಕುಡಿಯಂಗಿಲ್ಲ."

ಅವನು ಹೊಸ್ತಿಲ ಮೇಲೆಯೇ ಕೂತು, ಎಲ್ಲರೆದುರು, ಮಗುವಿನ ಹಾಗೆ ಅತ್ತ. ಶೇವಂತಾಬಾಯಿ ದ್ರಾಕ್ಷಿ ನೆನೆಹಾಕಲು ಒಳಗೆ ಹೋದಳು.