ನೇರಳೆ ಅರಿವೆ

ಕೂಸಿನ ಕೆಳಗೆ ಹಾಸಿದ್ದ ಬಿಳಿ ಅರಿವೆ ಒದ್ದೆಯಾದ ಕಡೆಯಿಂದ ಬಣ್ಣ ತಿರುಗತೊಡಗಿತು. ಮೊದಲು ಮಾಸಲು ಗುಲಾಬಿ, ನೋಡುತ್ತಿದ್ದಂತೆ ಕಡು ನೇರಳೆ. ಆ ಅರಿವೆಯನ್ನು ಕಂಡುಹಿಡಿದ ಸೂಕ್ಷ್ಮಜೀವಿ ವಿಜ್ಞಾನಿ ನೀಲಗಂಗಾ ಮೊಣಕಾಲೂರಿ ಕೂತು ಕೂಸಿನ ಹೊಟ್ಟೆಯ ಚರ್ಮವನ್ನು ಮೆಲ್ಲಗೆ ಎತ್ತಿ ಬಿಟ್ಟಳು. ಎದ್ದ ಮಡಿಕೆ ಬೇಗ ಇಳಿಯಲಿಲ್ಲ; ಮೈಯ ನೀರು ಬತ್ತಿತ್ತು.

“ಹಲ್ಲು ಬರಾಕತ್ತಾವ, ಅದಕ್ಕ ಹೊಟ್ಟಿ ಕೆಟ್ಟೈತಿ,” ಎಂದಳು ಅಜ್ಜಿ ಕಸ್ತೂರೆವ್ವ. “ನೀರು ಕೊಡಬ್ಯಾಡಂತ ಸೊಸಿಗೆ ಹೇಳೀನಿ. ಕೊಟ್ಟಷ್ಟೂ ಹೊರಗ ಹೋಗ್ತೈತಿ.”

“ಹಲ್ಲಿಗೆ ಈ ಬಣ್ಣ ಬರಂಗಿಲ್ಲ, ಆಯಿ. ಹೋದಷ್ಟೂ ನೀರು ತುಂಬಬೇಕು.”

ಅರಿವೆಯ ನೂಲಿನಲ್ಲಿ ರೋಗಾಣುಗಳನ್ನು ಗುರುತಿಸಿ ಹಿಡಿಯುವ ಪ್ರೋಟೀನುಗಳಿದ್ದವು. ಹಿಡಿದೊಡನೆ ಬಣ್ಣ ಅರಳುತ್ತಿತ್ತು. ರೋಟಾವೈರಸ್ಸಿಗೆ ನೀಲಿ. ರಕ್ತಭೇದಿ ತರುವ ಶಿಗೆಲ್ಲಾಕ್ಕೆ ಕೆಂಪು. ಕರುಳಿನಲ್ಲಿ ವಿಷ ಉಗುಳುವ ಒಂದು ಬಗೆಯ ಇ. ಕೋಲೈ ಬ್ಯಾಕ್ಟೀರಿಯಾಕ್ಕೆ ನೇರಳೆ. ಮಲ ಬೆರೆತ ನೀರು ಅದರ ಹೆದ್ದಾರಿ. ಅರಿವೆಯನ್ನು ಕುದಿಸಿದರೆ ರೋಗಾಣು ಸಾಯುತ್ತಿತ್ತು, ಬಣ್ಣ ಉಳಿಯುತ್ತಿತ್ತು. ಹುಣಸೆ ನೀರಿಗೆ ಅದ್ದಿದರೆ ಮಾತ್ರ ಬಿಳಿ.

ಸೊಸೆ ಪವಿತ್ರಾ ಕುದಿಸಿ ಆರಿಸಿದ ನೀರಿಗೆ ಓಆರ್‌ಎಸ್ ಪುಡಿ ಕಲಸಿ ಚಮಚ ಚಮಚವಾಗಿ ಕುಡಿಸಿದಳು, ನಡುನಡುವೆ ಎದೆಹಾಲು ಉಣಿಸಿದಳು. ಮಧ್ಯಾಹ್ನಕ್ಕೆ ಕೂಸು ಉಚ್ಚೆ ಹೊಯ್ದಿತು. ಕಸ್ತೂರೆವ್ವ ಅದನ್ನೇ ನೋಡುತ್ತ ಕೂತಳು.

ನೀಲಗಂಗಾ ಅರಿವೆ ಹಂಚಿದ್ದ ಆ ಓಣಿಯ ಬಹಳ ಮನೆಗಳಲ್ಲಿ ನೇರಳೆಯೇ ಇತ್ತು. ಆದರೆ ಒಬ್ಬರದು ಇನ್ನೊಬ್ಬರಿಗೆ ಗೊತ್ತಿರಲಿಲ್ಲ. ಕೂಸಿನ ಅರಿವೆ ಹೊರಗೆ ಕಂಡರೆ ದೃಷ್ಟಿ ತಾಗುತ್ತದೆಂದು ಎಲ್ಲರೂ ಹಿತ್ತಲಲ್ಲಿ, ಸೀರೆಯ ಮರೆಯಲ್ಲಿ ಒಣಗಿಸುತ್ತಿದ್ದರು.

ಅರಿವೆ ಹಂಚಲು ಪರವಾನಗಿ ಕೊಟ್ಟಿದ್ದ ನೀರು ಸರಬರಾಜಿನ ಎಂಜಿನಿಯರ್ ಹವಾಲ್ದಾರ್ ಎಂಬವರಿಗೆ, ನಳದ ನೀರಿನಲ್ಲೇ ಮಲ ಬೆರೆಯುತ್ತಿರಬೇಕೆಂದು ನೀಲಗಂಗಾ ಹೇಳಿದಾಗ ಅವರು ನಕ್ಕರು. “ತಾಯಂದ್ರು ಕೈ ತೊಳಕೊಳ್ಳಲಿ, ಮೇಡಂ. ನಳದ ಮ್ಯಾಲ ಯಾಕ ಬರ್ತೀರಿ? ಬಣ್ಣ ಕಂಡ ಕೂಡಲೇ ಹುಣಸಿ ನೀರಿಗೆ ಹಾಕ್ರಿ ಅಂತ ಹೇಳ್ರಿ. ಇಲ್ಲಾಂದ್ರ ನಿಮ್ಮ ಅರಿವಿ ಹಂಚೋ ಪರವಾನಗಿ ಬಂದ್.”

ಅವಳು ಉತ್ತರ ಕೊಡಲಿಲ್ಲ. ಮಾತಿಗಿಂತ ಮೌನವೇ ಅವಳಿಗೆ ಒಗ್ಗಿದ್ದು. ಅದನ್ನು ಅವರು ಒಪ್ಪಿಗೆಯೆಂದು ಎಣಿಸಿದರು. ದಾರಿಯುದ್ದಕ್ಕೂ ಆ ಮೌನವೇ ಅವಳನ್ನು ಚುಚ್ಚಿತು. ಕಸ್ತೂರೆವ್ವನ ಮನೆಗೆ ಬಂದವಳೇ ಎಲ್ಲವನ್ನೂ ಹೇಳಿಬಿಟ್ಟಳು.

ಕಸ್ತೂರೆವ್ವ ಮಲಗಿದ್ದ ಕೂಸಿನ ತಲೆ ಸವರಿದಳು. “ನನ್ನ ಎರಡು ಕೂಸು ಹಿಂಗ ಹೋದ್ವು, ತಂಗಿ. ಹಲ್ಲು ಅಂದ್ರು. ಎರಡನೇದಕ್ಕ ಮೂರು ತಿಂಗಳು. ಅದಕ್ಕೆಲ್ಲಿಂದ ಹಲ್ಲು ಬರಬೇಕು?”

ಎದ್ದು, ಕುದಿಸಿ ಹಿಂಡಿದ್ದ ಅರಿವೆಗಳನ್ನೂ ಹಗ್ಗವನ್ನೂ ಹಿತ್ತಲಿನಿಂದ ತಂದು ಬೀದಿಬಾಗಿಲಿಗೆ ನಡೆದಳು.

“ಅತ್ತಿ, ದೃಷ್ಟಿ ಆಗ್ತೈತಂತ ನೀವ ಬಯ್ತಿದ್ರಿ,” ಎಂದಳು ಪವಿತ್ರಾ.

“ಬಯ್ತಿದ್ದೆ. ಈಗ ಹಗ್ಗದ ಆ ತುದಿ ಹಿಡಿ.”

ಎದುರುಮನೆಯವಳು ನೋಡಿದಳು, ಒಳಗೆ ಹೋಗಿ ತನ್ನದನ್ನೂ ತಂದಳು. ಮರುದಿನ ಬೆಳಗಾಗುವಷ್ಟರಲ್ಲಿ ಓಣಿಯ ಮೇಲ್ಭಾಗದಲ್ಲಿ ಬಿಳಿ, ಕೆಳಭಾಗದಲ್ಲಿ ನೇರಳೆ. ನಡುವೆ, ನಳದ ಪೈಪು ಚರಂಡಿಯನ್ನು ದಾಟುವ ಜಾಗ.

ಹವಾಲ್ದಾರರು ಬಂದು ಗದರಿದರು. “ತಗೀರಿ ಇವನ್ನ. ನಾಳೆಯಿಂದ ಒಂದು ಅರಿವೀನೂ ಹಂಚಂಗಿಲ್ಲ.”

“ಹಂಚಬ್ಯಾಡ್ರಿ,” ಎಂದಳು ನೀಲಗಂಗಾ. ತನ್ನ ದನಿ ಓಣಿಯ ತುದಿಯವರೆಗೆ ಕೇಳಿಸಿದ್ದು ಅವಳಿಗೇ ಹೊಸತು. “ಹಂಚಿದ್ದು ಹಗ್ಗದ ಮ್ಯಾಲೈತಿ. ಅರಿವಿ ಹ್ಯಾಂಗ ಮಾಡೋದಂತ ಇವತ್ತ ಎಲ್ಲಾರಿಗೂ ಕಲಿಸ್ತೀನಿ.”

ಕಸ್ತೂರೆವ್ವ ಕೈ ತೋರಿಸಿದಳು. “ಸಾಹೇಬ್ರ, ಮ್ಯಾಲಿಂದ ನೋಡಕೊಂತ ಬರ್ರಿ. ಬಿಳಿ ಎಲ್ಲಿ ಮುಗೀತೈತಿ, ಅಲ್ಲೇ ಅಗೀರಿ. ಅಗಿಯೋತನಕ ನಾವು ತಗಿಯಂಗಿಲ್ಲ.”

ಅವರು ಅಗೆಸಲಿಲ್ಲ. ಓಣಿಯವರೂ ತೆಗೆಯಲಿಲ್ಲ. ಪಕ್ಕದ ಓಣಿಗಳಲ್ಲೂ ಹಗ್ಗ ಬಿಗಿದ ಮೇಲೆ ಗುದ್ದಲಿ ಬಂತು. ಒಡೆದ ಪೈಪು ಚರಂಡಿಯ ಕೊಳೆಯಲ್ಲಿ ಮುಳುಗಿ ಮಲಗಿತ್ತು.

ಅಂದು ಸಂಜೆ ಕಸ್ತೂರೆವ್ವ ಅರಿವೆಗಳನ್ನು ಹುಣಸೆ ನೀರಿಗೆ ಅದ್ದುತ್ತ ಕೇಳಿದಳು: “ನನ್ನ ಎರಡು ಕೂಸು ಹೋಗಿದ್ದು ಮೂವತ್ತು ವರ್ಷದ ಹಿಂದ, ಎರಡು ಸಾವಿರದ ಇಪ್ಪತ್ತೈದರ ಸುಮಾರಿಗೆ. ಆಗ ಇದು ಯಾರಿಗೂ ಗೊತ್ತಿರಲಿಲ್ಲೇನು, ತಂಗಿ?”

ರೋಗಾಣುಗಳ ಹೆಸರು ಆಗಲೇ ಪುಸ್ತಕಗಳಲ್ಲಿತ್ತು. ಓಆರ್‌ಎಸ್ ಔಷಧಿ ಅಂಗಡಿಯಲ್ಲಿತ್ತು. ಪೈಪು ಚರಂಡಿಯೊಳಗಿರುವುದನ್ನು ದಾಟಿ ಹೋಗುವವರೆಲ್ಲ ಕಂಡಿದ್ದರು. ನೀಲಗಂಗಾ ಸುಮ್ಮನಿರಬಹುದಿತ್ತು.

“ಗೊತ್ತಿತ್ತು, ಆಯಿ,” ಎಂದಳು. “ಆಗಲೂ ಎಲ್ಲಾ ಗೊತ್ತಿತ್ತು.”